ಉತ್ತವನಿಗೇ ಸರ್ಕಾರಿ ಭೂಮಿ?

ಪ್ರಶ್ನೆ: ಸರ್ಕಾರಿ ಜಮೀನನ್ನು ವರ್ಷಗಟ್ಟಲೆ ಉತ್ತರೆ ಅದು ನಮ್ಮದಾಗುತ್ತದೆಯೇ? ಅಮೆರಿಕದಲ್ಲಿ ಹಾಗಿತ್ತಂತೆ. – ಓದುಗರು, ಕಡಕೊಳ

ಉತ್ತರ: ಅಮೆರಿಕದಲ್ಲಿ ಇದ್ದದ್ದು ನಿಜ. ಲಿಂಕನ್ ಸಹಿ ಹಾಕಿದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆವರೆಗೆ ಪಡೆದವರು ಐದು ವರ್ಷ ಅಲ್ಲೇ ನೆಲೆಸಿ ಬೇಸಾಯ ಮಾಡಿದರೆ ಹಕ್ಕುಪತ್ರ ಸಿಗುತ್ತಿತ್ತು. ಆ ನೆಲದ ಬಹುಪಾಲು ಮೂಲನಿವಾಸಿಗಳಿಂದ ಕಸಿದದ್ದು.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬಗರ್‌ಹುಕುಂ ಸಕ್ರಮ. ‘ಬಗರ್‌ಹುಕುಂ’ ಎಂದರೆ ಅಪ್ಪಣೆಯಿಲ್ಲದೆ ಎಂದೇ ಅರ್ಥ. ಅಲ್ಲಿ ಕರೆದು ಕೊಟ್ಟರು. ಇಲ್ಲಿ ಜನ ಮೊದಲು ಉತ್ತರು, ಕಾನೂನು ಆಮೇಲೆ ಬಂತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ಕ್ಕೆ ತಿದ್ದುಪಡಿ ತಂದು 1991ರಲ್ಲಿ ನಮೂನೆ 50, ಬಳಿಕ 53, 2018ರಲ್ಲಿ ನಮೂನೆ 57ರ ಅರ್ಜಿ ಕರೆಯಲಾಯಿತು. ಕೊನೆಯದು 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿದಾರರಿಗೆ.

ಅರ್ಜಿ ನೋಡುವುದು ತಾಲ್ಲೂಕಿನ ಸಕ್ರಮೀಕರಣ ಸಮಿತಿ, ತಹಶೀಲ್ದಾರರೇ ಕಾರ್ಯದರ್ಶಿ. ಒಪ್ಪಿದರೆ ಸಾಗುವಳಿ ಚೀಟಿ.

ಕಡಕೊಳದವರಿಗೆ ತೊಡಕಿರುವುದು ದೂರದಲ್ಲಿ. ಮೈಸೂರು ನಗರದ ಗಡಿಯಿಂದ 10 ಕಿ.ಮೀ. ಒಳಗಿನ ಜಮೀನು ಸಕ್ರಮವಾಗದು. ಬೆಂಗಳೂರಿಗೆ ಈ ಮಿತಿ 18 ಕಿ.ಮೀ. ನಂಜನಗೂಡು ರಸ್ತೆಯ ಕಡಕೊಳ ಪಟ್ಟಣ ಪಂಚಾಯಿತಿಯಾದದ್ದು ಬೇರೆ.

ಇನ್ನೊಂದು ದಾರಿ ಪ್ರತಿಕೂಲ ಸ್ವಾಧೀನ, ಅಂದರೆ ವರ್ಷಗಟ್ಟಲೆ ಸ್ವಾಧೀನದಲ್ಲಿದ್ದು ಹಕ್ಕು ಪಡೆಯುವುದು. ಸರ್ಕಾರದ ವಿರುದ್ಧ ಅದನ್ನು ಸಾಧಿಸಲು 1963ರ ಕಾಲಮಿತಿ ಕಾಯ್ದೆಯಂತೆ 30 ವರ್ಷ ಬೇಕು, ಖಾಸಗಿ ಜಮೀನಿಗೆ 12. ಸುಮ್ಮನೆ ಉತ್ತದ್ದು ಸಾಲದು, ಮಾಲೀಕತ್ವವನ್ನು ಬಹಿರಂಗವಾಗಿ ಸಾರಿರಬೇಕು. ಯಾವ ದಾರಿ ಹಿಡಿದರೂ ಮೊದಲು ಪಹಣಿ ತೆಗೆಸಿ, ಸರ್ವೆ ನಂಬರು ಗೋಮಾಳವೋ ಅರಣ್ಯವೋ ಎಂದು ನೋಡಿಕೊಳ್ಳಿ.