ಕೊಟ್ಟ ಮಾತು ತಪ್ಪಿದಾಗ: ಆಫ್ರಿಕಾದ ಪ್ರತ್ಯೇಕತೆ ಮತ್ತು ಸ್ವಾಯತ್ತತೆಯ ಚಳವಳಿಗಳು

ವಿಶ್ವಸಂಸ್ಥೆಯ ಸದಸ್ಯತ್ವ ಪಡೆದ 54 ದೇಶಗಳು ಇಂದು ಆಫ್ರಿಕಾದಲ್ಲಿವೆ. ಇವುಗಳ ನಡುವಿನ ಗಡಿಗಳಲ್ಲಿ ಹೆಚ್ಚಿನವನ್ನು ಎಳೆದವರು ಅಲ್ಲಿನ ಜನರಲ್ಲ. 1884–85ರಲ್ಲಿ ಬರ್ಲಿನ್‌ನಲ್ಲಿ ಸಭೆ ಸೇರಿದ ಐರೋಪ್ಯ ರಾಷ್ಟ್ರಗಳು ಖಂಡವನ್ನು ಹಂಚಿಕೊಳ್ಳುವ ನಿಯಮ ಮಾಡಿಕೊಂಡವು. ಮುಂದಿನ ಎರಡು ಮೂರು ದಶಕಗಳಲ್ಲಿ ಪೈಪೋಟಿಗೆ ಬಿದ್ದು ಹಂಚಿಕೊಂಡವು. ಸೊಮಾಲಿ ಮಾತನಾಡುವ ಜನ ಬ್ರಿಟನ್, ಇಟಲಿ, ಫ್ರಾನ್ಸ್ ಮತ್ತು ಇಥಿಯೋಪಿಯದ ಆಳ್ವಿಕೆಗಳಲ್ಲಿ ಚೆದುರಿಹೋದರು. ಏವೆ ಜನರ ನಾಡಿನ ಒಂದು ಭಾಗ ಇಂದಿನ ಘಾನಾಕ್ಕೂ ಇನ್ನೊಂದು ಟೋಗೋಕ್ಕೂ ಸೇರಿತು. ನೈಜೀರಿಯದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು: ನೂರಾರು ಭಾಷೆಗಳ ಜನ ಒಂದೇ ಗಡಿಯೊಳಗೆ ಬಂದರು.

ಇಂಥ ಗಡಿಗಳು ವಸಾಹತು ಆಡಳಿತ ತೊಲಗಿದ ಕೂಡಲೇ ಕುಸಿಯಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗಲಿಲ್ಲ. ಪ್ರತ್ಯೇಕತೆಯ ಚಳವಳಿಗಳು ಹತ್ತಾರು ಎದ್ದರೂ 1964ರಿಂದ ಈಚೆಗೆ ಸ್ವತಂತ್ರ ಆಫ್ರಿಕನ್ ದೇಶವೊಂದರಿಂದ ಬೇರೆಯಾಗಿ ವಿಶ್ವಸಂಸ್ಥೆ ಸೇರಿದ ದೇಶಗಳು ಎರಡೇ ಎರಡು: 1993ರಲ್ಲಿ ಎರಿಟ್ರಿಯ, 2011ರಲ್ಲಿ ದಕ್ಷಿಣ ಸುಡಾನ್. ಇಷ್ಟು ಕಡಿಮೆ ಏಕೆ? ಇಷ್ಟು ಕಷ್ಟದ ದಾರಿಯಾದರೂ ಜನ ಅದನ್ನು ಹಿಡಿಯುವುದೇಕೆ? ಈ ಎರಡು ಪ್ರಶ್ನೆಗಳ ಸುತ್ತ ಈ ಅಧ್ಯಾಯವಿದೆ.

ಕೈರೋದ ತೀರ್ಮಾನ

1963ರ ಮೇ ತಿಂಗಳಲ್ಲಿ ಅಡಿಸ್ ಅಬಾಬಾದಲ್ಲಿ ಕೂಡಿದ 32 ದೇಶಗಳು ಆಫ್ರಿಕನ್ ಏಕತಾ ಸಂಘಟನೆಯನ್ನು ಕಟ್ಟಿದವು. ಇಂದಿನ ಆಫ್ರಿಕನ್ ಒಕ್ಕೂಟದ ಹಿಂದಿನ ರೂಪ ಇದು. ಮರುವರ್ಷ ಜುಲೈನಲ್ಲಿ ಕೈರೋದಲ್ಲಿ ಸೇರಿದಾಗ ಈ ದೇಶಗಳು ಒಂದು ಗೊತ್ತುವಳಿ ಅಂಗೀಕರಿಸಿದವು: ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನು ಎಲ್ಲರೂ ಗೌರವಿಸಬೇಕು. ಸೊಮಾಲಿಯ ಮತ್ತು ಮೊರಾಕೊ ಒಪ್ಪಲಿಲ್ಲ. ನೆರೆದೇಶಗಳಲ್ಲಿ ಉಳಿದ ಸೊಮಾಲಿ ಪ್ರದೇಶಗಳು ಒಂದಕ್ಕೆ ಬೇಕಾಗಿದ್ದವು, ಹಳೆಯ ಸುಲ್ತಾನರ ಕಾಲದ ಸೀಮೆ ಇನ್ನೊಂದಕ್ಕೆ ಬೇಕಾಗಿತ್ತು. ಉಳಿದವರ ವಾದ ಸರಳವಾಗಿತ್ತು: ಒಂದು ಗಡಿಯನ್ನು ಮುಟ್ಟಿದರೆ ಯಾವ ಗಡಿಯೂ ಉಳಿಯುವುದಿಲ್ಲ.

ಈ ಭಯಕ್ಕೆ ಕಾರಣ ಕಣ್ಣ ಮುಂದೆಯೇ ಇತ್ತು. 1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಎರಡು ವಾರ ಕಳೆಯುವ ಮೊದಲೇ, ಜುಲೈ 11ರಂದು, ಅದರ ಕಟಾಂಗ ಪ್ರಾಂತ್ಯ ತಾನು ಬೇರೆ ದೇಶ ಎಂದು ಸಾರಿತು. ನಾಯಕ ಮೊಯಿಸ್ ಷೊಂಬೆ. ಬೆನ್ನಿಗಿದ್ದದ್ದು ತಾಮ್ರದ ಗಣಿಗಳ ಬೆಲ್ಜಿಯನ್ ಹಿತಾಸಕ್ತಿ. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು 1961ರ ಜನವರಿಯಲ್ಲಿ ಕೊಂದದ್ದು ಇದೇ ಕಟಾಂಗದಲ್ಲಿ. ವಿಶ್ವಸಂಸ್ಥೆಯ ಪಡೆಗಳು 1963ರ ಜನವರಿಯ ಹೊತ್ತಿಗೆ ಈ ಪ್ರತ್ಯೇಕತೆಯನ್ನು ಕೊನೆಗಾಣಿಸಿದವು. ಆ ಪಡೆಗಳಲ್ಲಿ ಭಾರತೀಯ ಸೈನಿಕರೂ ಇದ್ದರು. ಕಟಾಂಗದ ಎಲಿಜಬೆತ್‌ವಿಲ್‌ನಲ್ಲಿ 1961ರ ಡಿಸೆಂಬರ್‌ನಲ್ಲಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ಪ್ರತ್ಯೇಕತೆ ಎಂದರೆ ಗಣಿ ಕಂಪನಿಗಳ ಹೊಸ ವಸಾಹತು ಎಂಬ ಸಂಶಯ ಆಫ್ರಿಕಾದ ನಾಯಕರಲ್ಲಿ ಆಗ ಬೇರೂರಿತು.

ಕೈರೋ ತೀರ್ಮಾನದ ಪರಿಣಾಮ ವಿಚಿತ್ರವಾಗಿದೆ. ಬೇರೆಯಾಗಬಯಸುವವರು ‘ನಮ್ಮ ಭಾಷೆ ಬೇರೆ, ಕುಲ ಬೇರೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ‘ನಾವು ಬೇರೆಯೇ ವಸಾಹತಾಗಿದ್ದೆವು, ನಮಗೊಂದು ಗಡಿಯಿತ್ತು’ ಎಂದರೆ ವಾದಕ್ಕೆ ತೂಕ ಬರುತ್ತದೆ. ಹಾಗಾಗಿ ಐರೋಪ್ಯರು ಎಳೆದ ಗೆರೆಗಳಿಗೆ ಅತಿ ನಿಷ್ಠೆಯಿಂದ ಜೋತುಬಿದ್ದವರಲ್ಲಿ ಪ್ರತ್ಯೇಕತಾವಾದಿಗಳೂ ಸೇರಿದ್ದಾರೆ.

ಬಯಾಫ್ರ: ಹಸಿವಿನಲ್ಲಿ ಸೋತ ದೇಶ

ಇಂಥ ಹಳೆಯ ವಸಾಹತು ಗಡಿಯ ಬೆಂಬಲವಿಲ್ಲದೆ ಎದ್ದ ದೊಡ್ಡ ಚಳವಳಿಗಳಲ್ಲಿ ಬಯಾಫ್ರ ಒಂದು. ನೈಜೀರಿಯದಲ್ಲಿ 1966ರ ಜನವರಿಯಲ್ಲಿ ನಡೆದ ಸೇನಾ ಕ್ಷಿಪ್ರಕ್ರಾಂತಿಯ ಮುಂಚೂಣಿಯಲ್ಲಿ ಹೆಚ್ಚಾಗಿ ಪೂರ್ವ ಪ್ರಾಂತ್ಯದ ಇಗ್ಬೊ ಜನಾಂಗದ ಅಧಿಕಾರಿಗಳಿದ್ದರು. ಪ್ರಧಾನಿ ಅಬೂಬಕರ್ ತಫಾವ ಬಲೇವ ಮತ್ತು ಉತ್ತರದ ನಾಯಕ ಅಹ್ಮದು ಬೆಲ್ಲೊ ಹತರಾದರು. ಜುಲೈನಲ್ಲಿ ಉತ್ತರದ ಅಧಿಕಾರಿಗಳು ಪ್ರತಿಕ್ರಾಂತಿ ನಡೆಸಿದರು. ಉತ್ತರದ ಪಟ್ಟಣಗಳಲ್ಲಿ ನೆಲೆಸಿದ್ದ ಇಗ್ಬೊ ಜನರ ಮೇಲೆ ಸಾಮೂಹಿಕ ಹತ್ಯೆಗಳು ನಡೆದವು. ಬದುಕುಳಿದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪೂರ್ವದ ತಾಯ್ನಾಡಿಗೆ ಓಡಿಬಂದರು.

1967ರ ಜನವರಿಯಲ್ಲಿ ಘಾನಾದ ಅಬುರಿಯಲ್ಲಿ ರಾಷ್ಟ್ರದ ಮುಖ್ಯಸ್ಥ ಯಾಕುಬು ಗೋವನ್ ಮತ್ತು ಪೂರ್ವ ಪ್ರಾಂತ್ಯದ ಸೇನಾ ರಾಜ್ಯಪಾಲ ಒಡುಮೆಗ್ವು ಓಜುಕ್ವು ಮುಖಾಮುಖಿ ಕೂತು, ಪ್ರಾಂತ್ಯಗಳಿಗೆ ಹೆಚ್ಚಿನ ಅಧಿಕಾರ ಕೊಡುವ ಒಪ್ಪಂದಕ್ಕೆ ಬಂದರು. ಊರಿಗೆ ಮರಳಿದ ಮೇಲೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು, ಒಪ್ಪಂದ ಬಿದ್ದುಹೋಯಿತು. ಮೇ 27ರಂದು ಗೋವನ್ ದೇಶವನ್ನು 12 ರಾಜ್ಯಗಳಾಗಿ ವಿಂಗಡಿಸಿದರು. ಪೂರ್ವ ಪ್ರಾಂತ್ಯ ಮೂರು ಹೋಳಾಯಿತು. ಬಹುಪಾಲು ತೈಲ ಇಗ್ಬೊ ರಾಜ್ಯದ ಹೊರಗೆ ಉಳಿಯಿತು. ಮೂರು ದಿನಗಳಲ್ಲಿ ಓಜುಕ್ವು ಬಯಾಫ್ರ ಗಣರಾಜ್ಯವನ್ನು ಘೋಷಿಸಿದರು.

ಜುಲೈನಲ್ಲಿ ಶುರುವಾದ ಯುದ್ಧ 1970ರ ಜನವರಿಯವರೆಗೆ ನಡೆಯಿತು. ಗುಂಡಿಗಿಂತ ಹಸಿವೆ ಹೆಚ್ಚು ಜನರನ್ನು ಕೊಂದಿತು; ನೈಜೀರಿಯದ ದಿಗ್ಬಂಧನದಿಂದ ಆಹಾರ ಒಳಬರುವ ದಾರಿಗಳು ಮುಚ್ಚಿದ್ದವು. ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಆಫ್ರಿಕಾದಲ್ಲಿ ಬಯಾಫ್ರಕ್ಕೆ ಮಾನ್ಯತೆ ಕೊಟ್ಟವು ನಾಲ್ಕೇ ದೇಶಗಳು: ಟಾಂಜಾನಿಯ, ಗಬೋನ್, ಐವರಿ ಕೋಸ್ಟ್, ಜಾಂಬಿಯ. ಕೈರೋದಲ್ಲಿ ಗಡಿ ಗೊತ್ತುವಳಿಯನ್ನು ಮಂಡಿಸಿದ್ದ ಟಾಂಜಾನಿಯದ ಜೂಲಿಯಸ್ ನ್ಯೆರೆರೆ ಅವರೇ, ಪ್ರಜೆಗಳ ಜೀವ ಕಾಯದ ದೇಶಕ್ಕೆ ಅವರ ನಿಷ್ಠೆಯನ್ನು ಕೇಳುವ ಹಕ್ಕಿಲ್ಲ ಎಂಬ ನಿಲುವು ತಾಳಿದರು.

ಸೋತ ಮೇಲೆ ‘ಗೆದ್ದವರೂ ಇಲ್ಲ, ಸೋತವರೂ ಇಲ್ಲ’ ಎಂದು ಗೋವನ್ ಸಾರಿದರು. ಆದರೆ ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದರೂ ಬಯಾಫ್ರದವರ ಕೈಗೆ ಬಂದದ್ದು 20 ಪೌಂಡ್. 2012ರಲ್ಲಿ ಹುಟ್ಟಿದ ಐಪಿಒಬಿ (ಬಯಾಫ್ರದ ಮೂಲನಿವಾಸಿಗಳು) ಸಂಘಟನೆ ಬಯಾಫ್ರದ ಕೂಗನ್ನು ಮತ್ತೆ ಎಬ್ಬಿಸಿದಾಗ, ಯುದ್ಧವನ್ನೇ ಕಾಣದ ತರುಣರು ಅದರ ಹಿಂದೆ ನಿಂತರು.

ಎರಿಟ್ರಿಯ: ಶಾಸನಸಭೆಯನ್ನು ಮುಚ್ಚಿಸಿದ ಚಕ್ರವರ್ತಿ

ಎರಿಟ್ರಿಯ 1890ರಿಂದ ಇಟಲಿಯ ವಸಾಹತು, 1941ರಿಂದ ಬ್ರಿಟಿಷರ ಆಡಳಿತದಲ್ಲಿದ್ದ ಪ್ರದೇಶ. ವಿಶ್ವಸಂಸ್ಥೆಯ ನಿರ್ಣಯದಂತೆ 1952ರಲ್ಲಿ ಅದು ಒಕ್ಕೂಟವಾಗಿ ಇಥಿಯೋಪಿಯಕ್ಕೆ ಸೇರಿತು. ಅದಕ್ಕೆ ತನ್ನದೇ ಶಾಸನಸಭೆ, ಬಾವುಟ, ಟಿಗ್ರಿನ್ಯಾ ಮತ್ತು ಅರೇಬಿಕ್ ಎಂಬ ಆಡಳಿತ ಭಾಷೆಗಳಿದ್ದವು. ಚಕ್ರವರ್ತಿ ಹೈಲೆ ಸೆಲಾಸಿ ಇವನ್ನು ಒಂದೊಂದಾಗಿ ಕಿತ್ತುಕೊಂಡರು. ಬಾವುಟ ಇಳಿಯಿತು, ಇಥಿಯೋಪಿಯದ ಅಂಹಾರಿಕ್ ಭಾಷೆಯ ಹೇರಿಕೆಯಾಯಿತು, 1962ರ ನವೆಂಬರ್‌ನಲ್ಲಿ ಶಾಸನಸಭೆಯೇ ಮುಚ್ಚಿ ಎರಿಟ್ರಿಯ ಬರಿಯ ಪ್ರಾಂತ್ಯವಾಯಿತು.

ಅದಕ್ಕೆ ಒಂದು ವರ್ಷ ಮೊದಲೇ ಬಂಡಾಯದ ಮೊದಲ ಗುಂಡು ಹಾರಿತ್ತು. 1974ರಲ್ಲಿ ಚಕ್ರವರ್ತಿ ಪದಚ್ಯುತರಾಗಿ ಮಾರ್ಕ್ಸ್‌ವಾದಿ ಸೇನಾಡಳಿತ ಬಂದರೂ ಯುದ್ಧ ನಿಲ್ಲಲಿಲ್ಲ. ಉತ್ತರದ ಬೆಟ್ಟಗಳ ನಕ್ಫಾ ಊರಿನಲ್ಲಿ ಬಂಡಾಯಗಾರರು ವರ್ಷಗಟ್ಟಲೆ ತಡೆದು ನಿಂತರು. ಇಂದು ಎರಿಟ್ರಿಯದ ನಾಣ್ಯದ ಹೆಸರೂ ನಕ್ಫಾ. 1991ರಲ್ಲಿ ರಾಜಧಾನಿ ಅಸ್ಮಾರಾ ಅವರ ಕೈವಶವಾಯಿತು. 1993ರ ಏಪ್ರಿಲ್‌ನ ಜನಮತಗಣನೆಯಲ್ಲಿ ಶೇ. 99.8 ಮತ ಸ್ವಾತಂತ್ರ್ಯದ ಪರ ಬಿತ್ತು. ಹಳೆಯ ವಸಾಹತು ಗಡಿಯೂ ಇತ್ತು, ಸೇನಾಡಳಿತ ಬಿದ್ದ ಮೇಲೆ ಅಡಿಸ್ ಅಬಾಬಾದಲ್ಲಿ ಬಂದ ಹೊಸ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಮಾನ್ಯತೆ ಬೇಗ ಬಂತು.

ದಕ್ಷಿಣ ಸುಡಾನ್: ಎರಡು ಸಲ ತಪ್ಪಿದ ಮಾತು

ಬ್ರಿಟಿಷರು ಸುಡಾನಿನ ದಕ್ಷಿಣವನ್ನು ಉತ್ತರದಿಂದ ದೂರವಿಟ್ಟು ಆಳಿ, ಹೋಗುವಾಗ ಎರಡನ್ನೂ ಒಟ್ಟಿಗೆ ಬಿಟ್ಟುಹೋದರು. 1956ರ ಸ್ವಾತಂತ್ರ್ಯಕ್ಕೆ ಒಪ್ಪಿಗೆ ಕೊಡುವಾಗ ದಕ್ಷಿಣದ ಸದಸ್ಯರಿಗೆ ಒಕ್ಕೂಟ ವ್ಯವಸ್ಥೆಯನ್ನು ಪರಿಶೀಲಿಸುವ ಭರವಸೆ ಸಿಕ್ಕಿತ್ತು. ಅದು ಕೈಗೂಡಲಿಲ್ಲ. 1955ರ ಸೇನಾ ದಂಗೆಯಿಂದ ಹೊತ್ತಿದ್ದ ಕಿಡಿ ಅಂತರ್ಯುದ್ಧವಾಗಿ ಬೆಳೆಯಿತು. 1972ರ ಅಡಿಸ್ ಅಬಾಬಾ ಒಪ್ಪಂದ ದಕ್ಷಿಣಕ್ಕೆ ಸ್ವಾಯತ್ತ ಸರ್ಕಾರ ಕೊಟ್ಟಿತು. ಸುಮಾರು ಹತ್ತು ವರ್ಷ ಶಾಂತಿ ನೆಲೆಸಿತು. 1978ರಲ್ಲಿ ದಕ್ಷಿಣದ ಬೆಂಟಿಯು ಬಳಿ ತೈಲ ಸಿಕ್ಕಿತು. 1983ರಲ್ಲಿ ಅಧ್ಯಕ್ಷ ನಿಮೇರಿ, ತಮ್ಮದೇ ಸರ್ಕಾರ ಮಾಡಿಕೊಂಡಿದ್ದ ಒಪ್ಪಂದವನ್ನು ಮುರಿದು ದಕ್ಷಿಣವನ್ನು ಮೂರು ತುಂಡು ಮಾಡಿದರು, ದೇಶಕ್ಕೆಲ್ಲ ಷರಿಯಾ ಕಾನೂನು ಹೇರಿದರು.

ಎರಡನೆಯ ಯುದ್ಧದ ನಾಯಕ ಜಾನ್ ಗರಾಂಗ್ ಕೇಳಿದ್ದು ಬೇರೆ ದೇಶವನ್ನಲ್ಲ. ಎಲ್ಲರಿಗೂ ಸಮಪಾಲಿರುವ ‘ಹೊಸ ಸುಡಾನ್’ ಅವರ ಘೋಷಣೆ. ಇಪ್ಪತ್ತೆರಡು ವರ್ಷದ ಕಾಳಗದ ನಂತರ 2005ರ ಜನವರಿಯಲ್ಲಿ ಶಾಂತಿ ಒಪ್ಪಂದವಾಯಿತು: ಆರು ವರ್ಷ ಸ್ವಾಯತ್ತತೆ, ದಕ್ಷಿಣದ ತೈಲದ ಆದಾಯದಲ್ಲಿ ಸರಿಪಾಲು, ಕೊನೆಗೆ ಜನಮತಗಣನೆ. ಅದೇ ವರ್ಷ ಗರಾಂಗ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಐಕ್ಯದ ಮಾತನ್ನು ನಂಬುವವರು ಹೆಚ್ಚು ಉಳಿದಿರಲಿಲ್ಲ. 2011ರ ಜನವರಿಯಲ್ಲಿ ಶೇ. 98.83 ಜನ ಬೇರ್ಪಡೆಗೆ ಮತ ಹಾಕಿದರು. ಬೇರೆ ವಸಾಹತಾಗಿರದ ದಕ್ಷಿಣಕ್ಕೆ ಮಾನ್ಯತೆ ಸಿಕ್ಕಿದ್ದು ಖಾರ್ಟೂಮ್‌ನ ಸುಡಾನ್ ಸರ್ಕಾರ 2005ರ ಆ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ.

ಕ್ಯಾಮರೂನ್: ಎರಡು ನಕ್ಷತ್ರಗಳ ಬಾವುಟ

ಜರ್ಮನಿಯ ವಸಾಹತಾಗಿದ್ದ ಕ್ಯಾಮರೂನನ್ನು ಮೊದಲ ಮಹಾಯುದ್ಧದ ನಂತರ ಫ್ರಾನ್ಸ್ ಮತ್ತು ಬ್ರಿಟನ್ ಹಂಚಿಕೊಂಡವು. 1961ರ ಫೆಬ್ರವರಿಯಲ್ಲಿ ಬ್ರಿಟಿಷ್ ಭಾಗದ ಜನರಿಗೆ ಎರಡು ಆಯ್ಕೆ ಕೊಟ್ಟರು: ನೈಜೀರಿಯ ಅಥವಾ ಫ್ರೆಂಚ್ ಆಳ್ವಿಕೆಯಿಂದ ಬಿಡುಗಡೆಯಾಗಿದ್ದ ಕ್ಯಾಮರೂನ್. ಸ್ವಂತ ದೇಶ ಎಂಬ ಮೂರನೆಯ ಆಯ್ಕೆ ಇರಲಿಲ್ಲ. ಉತ್ತರ ಭಾಗ ನೈಜೀರಿಯಕ್ಕೆ, ದಕ್ಷಿಣ ಭಾಗ ಕ್ಯಾಮರೂನ್ ಒಕ್ಕೂಟಕ್ಕೆ ಸೇರಿತು. ಬಾವುಟದಲ್ಲಿ ಎರಡು ನಕ್ಷತ್ರಗಳು ಬಂದವು. 1972ರ ಜನಮತಗಣನೆಯಲ್ಲಿ ಒಕ್ಕೂಟ ರದ್ದಾಯಿತು. 1975ರಲ್ಲಿ ನಕ್ಷತ್ರ ಒಂದಾಯಿತು. 1984ರಲ್ಲಿ ದೇಶ ಒಕ್ಕೂಟಕ್ಕೂ ಮೊದಲಿನ ಫ್ರೆಂಚ್ ಭಾಗದ ಹೆಸರಿಗೆ ಮರಳಿತು.

2016ರಲ್ಲಿ ಇಂಗ್ಲಿಷ್ ಭಾಗದ ವಕೀಲರು ಬೀದಿಗಿಳಿದರು. ಬ್ರಿಟಿಷ್ ಮಾದರಿಯ ಕಾನೂನು ನಡೆಯುವ ನ್ಯಾಯಾಲಯಗಳಿಗೆ ಫ್ರೆಂಚ್ ಪದ್ಧತಿಯ ನ್ಯಾಯಾಧೀಶರನ್ನು ಕಳಿಸುವುದು ನಿಲ್ಲಲಿ ಎಂಬುದು ಬೇಡಿಕೆ. ಶಿಕ್ಷಕರೂ ಸೇರಿಕೊಂಡರು. ಉತ್ತರವಾಗಿ ಬಂದದ್ದು ಬಂಧನಗಳು ಮತ್ತು ಮೂರು ತಿಂಗಳು ಇಂಟರ್ನೆಟ್ ಸ್ಥಗಿತ. ಒಕ್ಕೂಟ ಮರಳಿ ಬರಲಿ ಎನ್ನುತ್ತಿದ್ದ ಮೃದು ದನಿಗಳು ಅಡಗಿದವು. 2017ರ ಅಕ್ಟೋಬರ್ 1ರಂದು ಅಂಬಜೋನಿಯ ಎಂಬ ದೇಶದ ಘೋಷಣೆಯಾಯಿತು. ಅಲ್ಲಿಂದ ಆರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಸೈನಿಕರು ಹಳ್ಳಿಗಳನ್ನು ಸುಟ್ಟರು. ಬಂಡಾಯಗಾರರು ಶಾಲೆಗಳನ್ನು ಮುಚ್ಚಿಸಿದರು, ಸೋಮವಾರಗಳ ಬಂದ್ ಮುರಿದವರನ್ನು ಶಿಕ್ಷಿಸಿದರು. 2019ರಲ್ಲಿ ಸರ್ಕಾರ ಇಂಗ್ಲಿಷ್ ಭಾಗದ ಎರಡು ಪ್ರಾಂತ್ಯಗಳಿಗೆ ವಿಶೇಷ ಸ್ಥಾನಮಾನ ಕೊಟ್ಟಾಗ ಅದನ್ನು ನಂಬುವ ಮನಸ್ಸು ಹೆಚ್ಚು ಜನರಲ್ಲಿ ಇರಲಿಲ್ಲ.

ಸೊಮಾಲಿಲ್ಯಾಂಡ್: ಎಲ್ಲವೂ ಇದೆ, ಆಫ್ರಿಕಾದ ಮಾನ್ಯತೆ ಇಲ್ಲ

ಬ್ರಿಟಿಷ್ ಸೊಮಾಲಿಲ್ಯಾಂಡ್ 1960ರ ಜೂನ್ 26ರಂದು ಸ್ವತಂತ್ರವಾಗಿ, ಐದೇ ದಿನಗಳಲ್ಲಿ ಇಟಲಿಯ ಹಿಡಿತದಲ್ಲಿದ್ದ ಸೊಮಾಲಿಯದೊಂದಿಗೆ ತಾನಾಗಿ ಕೂಡಿತು. ಅಧಿಕಾರವೆಲ್ಲ ಮೊಗಾದಿಶುವಿನಲ್ಲಿ ಸೇರಿಕೊಂಡಿತು. ಬಂಡಾಯ ಹತ್ತಿಕ್ಕಲು 1988ರಲ್ಲಿ ಸೊಮಾಲಿಯದ ಸಿಯಾದ್ ಬರ್ರೆ ಸರ್ಕಾರ ತನ್ನದೇ ನಗರವಾದ ಹರ್ಗೇಸಾದ ಮೇಲೆ ಬಾಂಬ್ ಸುರಿಸಿತು. 1991ರ ಮೇ 18ರಂದು ಸೊಮಾಲಿಲ್ಯಾಂಡ್ ಹಳೆಯ ಗಡಿಗೆ ಮರಳಿತು. ಅಂದಿನಿಂದ ಅದಕ್ಕೆ ಸ್ವಂತ ಹಣ, ಪೊಲೀಸ್, ಪಾಸ್‌ಪೋರ್ಟ್ ಇವೆ. ಚುನಾವಣೆಯಲ್ಲಿ ಸೋತ ಅಧ್ಯಕ್ಷರು ಕುರ್ಚಿ ಬಿಟ್ಟುಕೊಟ್ಟ ಉದಾಹರಣೆಗಳಿವೆ. ಇದರ ಇತಿಹಾಸ ಅಪರೂಪದ್ದು ಎಂದು ಆಫ್ರಿಕನ್ ಒಕ್ಕೂಟದ ನಿಯೋಗವೇ 2005ರಲ್ಲಿ ಹೇಳಿತು. ಆದರೂ ಮೂರು ದಶಕಕ್ಕೂ ಹೆಚ್ಚು ಕಾಲ ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಮಾನ್ಯತೆ ನೀಡಲಿಲ್ಲ. 2025ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮಾನ್ಯತೆ ಘೋಷಿಸಿದಾಗ ಆಫ್ರಿಕನ್ ಒಕ್ಕೂಟ ಅದನ್ನು ತಿರಸ್ಕರಿಸಿತು. ಎರಿಟ್ರಿಯಕ್ಕೆ ಅಡಿಸ್ ಅಬಾಬಾದಿಂದ ಸಿಕ್ಕ ಒಪ್ಪಿಗೆ ಸೊಮಾಲಿಲ್ಯಾಂಡಿಗೆ ಮೊಗಾದಿಶುವಿನಿಂದ ಸಿಕ್ಕಿಲ್ಲ ಎಂಬುದೇ ವ್ಯತ್ಯಾಸ.

ದೇಶ ಬಂದ ಮೇಲೆ

ಬಿಡುಗಡೆಯಿಂದ ಎಲ್ಲ ಸರಿಹೋಯಿತೇ? ಎರಿಟ್ರಿಯ 1998ರಿಂದ 2000ದವರೆಗೆ ಇಥಿಯೋಪಿಯದೊಂದಿಗೆ ಗಡಿಗಾಗಿ ಕಾದಾಡಿತು. ಸ್ವಾತಂತ್ರ್ಯದ ನಾಯಕ ಇಸಾಯಾಸ್ ಅಫ್ವರ್ಕಿ ರಾಷ್ಟ್ರೀಯ ಚುನಾವಣೆಯನ್ನೇ ನಡೆಸದೆ ಆಳುತ್ತಿದ್ದಾರೆ. ಕೊನೆಯಿಲ್ಲದ ಕಡ್ಡಾಯ ಸೇನಾ ಸೇವೆಯಿಂದ ತಪ್ಪಿಸಿಕೊಳ್ಳಲು ತರುಣರು ದೇಶ ಬಿಡುತ್ತಾರೆ. ದಕ್ಷಿಣ ಸುಡಾನಿನ ಪಾಲಿಗೆ ಹಿಂದಿನ ಸುಡಾನಿನ ತೈಲದ ಸುಮಾರು ಮುಕ್ಕಾಲು ಭಾಗ ಬಂತು, ಅದನ್ನು ಸಮುದ್ರಕ್ಕೆ ಒಯ್ಯುವ ಕೊಳವೆ ಮಾರ್ಗ ಉತ್ತರದ ಕೈಯಲ್ಲೇ ಉಳಿಯಿತು. 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರ ಎದುರಾಳಿ ರಿಯೆಕ್ ಮಚಾರ್ ಬಣಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಐದು ವರ್ಷಗಳಲ್ಲಿ ಸುಮಾರು ನಾಲ್ಕು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅಧಿಕಾರ ಹಂಚಿಕೊಳ್ಳಲು ಕಲಿಯದ ರಾಜಕೀಯ ಹೊಸ ಗಡಿಯೊಳಕ್ಕೂ ಬಂದಿತ್ತು.

ಹಂಚಿಕೊಳ್ಳುವ ಪ್ರಯೋಗಗಳೂ ನಡೆದಿವೆ. 1964ರಲ್ಲಿ ಟಾಂಗಾನಿಕದೊಂದಿಗೆ ಕೂಡಿ ಟಾಂಜಾನಿಯದ ಭಾಗವಾದ ಜಾಂಜಿಬಾರ್ ಇಂದಿಗೂ ಸ್ವಂತ ಅಧ್ಯಕ್ಷ ಮತ್ತು ಶಾಸನಸಭೆ ಉಳಿಸಿಕೊಂಡಿದೆ. ಅಲ್ಲಿನ ಚುನಾವಣೆಗಳಲ್ಲಿ ಹಿಂಸೆ ನಡೆದಿದ್ದರೂ ಪ್ರತ್ಯೇಕತೆಯ ಯುದ್ಧ ನಡೆದಿಲ್ಲ. ನೈಜೀರಿಯದ 12 ರಾಜ್ಯಗಳು ಈಗ 36 ಆಗಿವೆ. ಇಥಿಯೋಪಿಯದ 1995ರ ಸಂವಿಧಾನವಂತೂ ತನ್ನ ಜನಾಂಗಗಳಿಗೆ ಬೇರೆಯಾಗುವ ಹಕ್ಕನ್ನೇ ಬರೆದುಕೊಟ್ಟಿದೆ. ಆದರೆ 2020ರಲ್ಲಿ ಕೇಂದ್ರಕ್ಕೂ ಟಿಗ್ರೆ ಪ್ರಾಂತ್ಯಕ್ಕೂ ಯುದ್ಧ ಶುರುವಾದದ್ದು ಇದೇ ಸಂವಿಧಾನದಡಿ. ಎರಡು ಕಡೆಯವರೂ ಅದನ್ನೇ ಎತ್ತಿ ಹಿಡಿದರು. ಮಾಲಿಯಲ್ಲಿ ಟುವಾರೆಗ್ ಬಂಡಾಯಗಾರರು 2012ರಲ್ಲಿ ಅಜವಾದ್ ಎಂಬ ದೇಶ ಘೋಷಿಸಿ ಕೆಲವೇ ತಿಂಗಳಲ್ಲಿ ಅದನ್ನು ಜಿಹಾದಿ ಗುಂಪುಗಳಿಗೆ ಕಳೆದುಕೊಂಡರು. 2015ರಲ್ಲಿ ಟುವಾರೆಗ್ ಬಂಡಾಯಗಾರರೊಂದಿಗೆ ಆದ ಶಾಂತಿ ಒಪ್ಪಂದವನ್ನು ಸೇನಾ ಸರ್ಕಾರ 2024ರ ಜನವರಿಯಲ್ಲಿ ಕೊನೆಗೊಳಿಸಿತು.

ಭಾಷೆ, ಧರ್ಮ, ತೈಲ, ಗಡಿ ಎಲ್ಲವೂ ಈ ಚಳವಳಿಗಳಿಗೆ ಕಾರಣವೇ. ಆದರೆ ಭಾಷಾಭೇದವಿದ್ದೂ ಯುದ್ಧವಿಲ್ಲದ ಪ್ರದೇಶಗಳು ಆಫ್ರಿಕಾದಲ್ಲಿ ಬೇಕಾದಷ್ಟಿವೆ. ಎರಿಟ್ರಿಯ, ದಕ್ಷಿಣ ಸುಡಾನ್, ಕ್ಯಾಮರೂನಿನ ಇಂಗ್ಲಿಷ್ ಭಾಗಗಳಲ್ಲಿ ಜನರಿಗೆ ಮೊದಲು ಸಿಕ್ಕಿದ್ದು ಒಳಗಿದ್ದೇ ಬಾಳುವ ಸ್ವಾಯತ್ತತೆಯ ಮಾತು. ಅದನ್ನು ಕಾಗದದಲ್ಲಿ ಕೊಟ್ಟು ಆಮೇಲೆ ಕಸಿದದ್ದರಿಂದ, ಬೇರೆಯಾಗದೆ ಗತಿಯಿಲ್ಲ ಎನ್ನುವವರ ಕೈ ಮೇಲಾಯಿತು. ಆಫ್ರಿಕನ್ ಒಕ್ಕೂಟ ದೇಶಗಳ ನಡುವಿನ ಗಡಿಯನ್ನು ಕಾಯುತ್ತದೆ. ದೇಶದೊಳಗಿನ ಒಪ್ಪಂದವನ್ನು ಸರ್ಕಾರವೇ ಮುರಿದರೆ ತಡೆಯುವ ಅಷ್ಟೇ ಗಟ್ಟಿಯಾದ ನಿಯಮ ಅದರ ಬಳಿ ಇಲ್ಲ. ಆಫ್ರಿಕಾದ ಯಾವುದೋ ಮೂಲೆಯಲ್ಲಿ ಹೊಸ ಬಾವುಟ ಹಾರಿದ ಸುದ್ದಿ ಬಂದಾಗ ‘ಯಾವ ಜನಾಂಗ?’ ಎಂದು ಕೇಳುವ ಮೊದಲು ಈ ಎರಡು ಪ್ರಶ್ನೆಗಳನ್ನು ಕೇಳಬೇಕು: ಅಲ್ಲಿ ಹಿಂದೆ ಯಾವ ಒಪ್ಪಂದವಿತ್ತು? ಅದನ್ನು ಮೊದಲು ಮುರಿದವರು ಯಾರು?