ಶೇ 96ರೊಳಗೆ ಆದೋನಿಯ ಕನ್ನಡ ಎಲ್ಲಿದೆ?

1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಆದೋನಿ ಆಂಧ್ರದಲ್ಲೇ ಉಳೀತು. ಅಲ್ಲಿನ ಕನ್ನಡ ಶಾಲೆಗಳಿಗೆ ಸಂಬಂಧಿಸಿದ ಒಂದು ಅಂಕಿಯನ್ನು ಇವತ್ತು ಬಿಡಿಸಿ ನೋಡೋಣ.

2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲು ಆದೇಶಿಸಿತು. 2020ರ ಏಪ್ರಿಲ್ 15ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ಕೂಡಲೇ ಸರ್ಕಾರ ವಾಲಂಟಿಯರ್‌ಗಳ ಮೂಲಕ ಪೋಷಕರ ಆಯ್ಕೆ ಸಂಗ್ರಹಿಸಿ, ಶೇ 96.17ರಷ್ಟು ಮಂದಿ ಇಂಗ್ಲಿಷ್ ಕೇಳಿದ್ದಾರೆ ಎಂದಿತು.

ಈ ಅಂಕಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಇಂಗ್ಲಿಷ್ ಮೇಲಿನ ಆಸೆ ನಿಜವೇ. ಆದರೆ ಪಿಂಚಣಿ ಮನೆಗೆ ತಂದುಕೊಡುವವರೇ ಬಂದು ಸಹಿ ಕೇಳಿದರೆ, ಬೇಡ ಅನ್ನೋದು ಸುಲಭವಲ್ಲ. ಮತಪೆಟ್ಟಿಗೆಯಲ್ಲಿ ಗುಟ್ಟಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2016ರಲ್ಲಿ ಚಾರ್ಟರ್ ಶಾಲೆಗಳನ್ನು, ಅಂದರೆ ಸರ್ಕಾರಿ ಹಣದಲ್ಲಿ ಸ್ವತಂತ್ರ ಆಡಳಿತದಡಿ ನಡೆಯುವ ಶಾಲೆಗಳನ್ನು, ಹೆಚ್ಚಿಸುವ ಪ್ರಸ್ತಾಪಕ್ಕೆ ಆರಂಭದ ಸಮೀಕ್ಷೆಗಳಲ್ಲಿ ಒಲವಿತ್ತು. ತಿಂಗಳುಗಟ್ಟಲೆ ಚರ್ಚೆಯಾದ ಮೇಲೆ ಸುಮಾರು ಶೇ 62ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ನಮ್ಮಲ್ಲಿ ಆ ಚರ್ಚೆಗೆ ಸಮಯವೇ ಸಿಗಲಿಲ್ಲ.

ಇನ್ನೊಂದು ಮಾತು. ಆ ಲೆಕ್ಕದಲ್ಲಿ ಕನ್ನಡ ಕಾಣೋದಿಲ್ಲ, ‘ಇತರ ಭಾಷೆ’ಯೊಳಗೆ ಸೇರಿಹೋಗಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣದ ಬಗ್ಗೆ ಮಾತಾಡುತ್ತೆ. ಇಡೀ ರಾಜ್ಯದ ಸರಾಸರಿ ಅದಕ್ಕೆ ಉತ್ತರವಾಗಲಾರದು. ‘ಕನ್ನಡದಲ್ಲೇ ಪಾಠ ಮಾಡಿ, ಇಂಗ್ಲಿಷನ್ನೂ ಚೆನ್ನಾಗಿ ಕಲಿಸಿದರೆ ಒಪ್ತೀರಾ?’ ಅಂತ ಆದೋನಿ, ಆಲೂರು, ಕೌತಾಳದ ಪೋಷಕರನ್ನು ಊರೂರಿಗೆ ಹೋಗಿ ಕೇಳಬೇಕು. ಆಮೇಲೆ ಎಣಿಸೋಣ.