ಪಫಿನ್ ಪಕ್ಷಿಯ ಜೀವನಕ್ರಮ

ಉತ್ತರ ಅಟ್ಲಾಂಟಿಕ್ ಸಮುದ್ರದ ಪಫಿನ್ ಪಕ್ಷಿಗೆ ಶಾಸ್ತ್ರೀಯವಾಗಿ 'ಫ್ರಾಟರ್ಕ್ಯುಲ ಆರ್ಕ್ಟಿಕ' ಎಂದು ಹೆಸರು. ಲ್ಯಾಟಿನಿನ 'ಫ್ರಾಟರ್' ಶಬ್ದವು ನಮ್ಮ 'ಭ್ರಾತೃ' ಶಬ್ದಕ್ಕೆ ಸಜಾತೀಯವಾದುದು. ಕಪ್ಪುಬಿಳುಪಿನ ಗರಿಗಳು ಕ್ರೈಸ್ತಸಂನ್ಯಾಸಿಯ ಉಡುಪನ್ನು ಹೋಲುವುದರಿಂದ 'ಕಿರಿಯ ಸಹೋದರ'ನೆಂಬ ಈ ನಾಮವು ಬಂದಿತೆಂಬರು.

ಚಳಿಗಾಲವನ್ನು ಕಡಲಿನಲ್ಲಿಯೇ ಕಳೆಯುವ ಈ ಪಕ್ಷಿಯು ವಸಂತದಲ್ಲಿ ಐಸ್‌ಲೆಂಡ್, ನಾರ್ವೆ, ಬ್ರಿಟನ್ ಮೊದಲಾದೆಡೆಗಳ ದಡವನ್ನು ಸೇರಿ, ಬಿಲವನ್ನು ತೋಡಿ, ಒಂದೇ ಮೊಟ್ಟೆಯನ್ನಿಡುವುದು. ತಾಯಿತಂದೆಗಳೆರಡೂ ಸುಮಾರು 6 ವಾರಗಳ ಕಾಲ ಸರದಿಯಿಂದ ಕಾವು ಕೊಡುವುವು. ಬಳಿಕ ಮರಳಿನಲ್ಲಿ ಹುದುಗುವ ಸಣ್ಣ ಮೀನುಗಳನ್ನು ಕೊಕ್ಕಿನಲ್ಲಿ ಅಡ್ಡಲಾಗಿ ಸಾಲಿಟ್ಟು ಮರಿಗೆ ತರುವುವು. ಹಿಡಿದ ಮೀನನ್ನು ನಾಲಗೆಯು ಅಂಗುಳಿನ ಮುಳ್ಳುಗಳಿಗೆ ಒತ್ತಿ ಹಿಡಿದಿರುವುದರಿಂದ, ಅದು ಜಾರದಂತೆ ಮತ್ತೊಂದನ್ನು ಹಿಡಿಯಲಾಗುವುದು.

ವರ್ಷಕ್ಕೊಂದೇ ಮರಿಯಾದುದರಿಂದ ಆಹಾರಕ್ಷಯವು ಈ ಕುಲಕ್ಕೆ ಮಾರಕವು. ಕಡಲು ಬಿಸಿಯೇರಿ ಆ ಮೀನುಗಳು ಕ್ಷೀಣಿಸುತ್ತಿರಲು, 2015ರಲ್ಲಿ ಈ ಪಕ್ಷಿಯನ್ನು ಅಪಾಯಕ್ಕೀಡಾದ ಜಾತಿಗಳಲ್ಲಿ ಎಣಿಸಿದರು. 2024ರಲ್ಲಿ ಉತ್ತರಸಮುದ್ರದ ಇಂಗ್ಲೆಂಡಿನ ಭಾಗದಲ್ಲಿಯೂ ಸ್ಕಾಟ್ಲೆಂಡಿನ ಕಡಲಿನಲ್ಲಿಯೂ ಆ ಮೀನಿನ ಬೇಟೆಯು ನಿಷಿದ್ಧವಾಯಿತು.